ಮಾಸ್ತರರ ಮಂಡಿನೋವು

ನಮ್ಮ ಮಾಸ್ತರ್ ಅಂಕಲ್‌ಗೆ ಮಂಡಿನೋವು ಇತ್ತು ಅನ್ನೋದು ಟೆಕ್ಸಸ್ಸಿನ ಕನ್ನಡಿಗರಿಗೆಲ್ಲ ಗೊತ್ತು. ಯಾವ ಮಂಡಿ ಅಂತ ಕೇಳಿದರೆ ಮಾತ್ರ ಜಗಳ. ಡಾಲಸ್ಸಿನವರು ಎಡಗಾಲು ಅಂತಾರೆ, ಹ್ಯೂಸ್ಟನ್ನಿನವರು ಬಲಗಾಲು ಅಂತಾರೆ. ಎರಡು ಕಡೆಯವರೂ ಅವರು ಕುಂಟಿದ್ದನ್ನ ಕಣ್ಣಾರೆ ನೋಡಿದವರೇ. ಆಸ್ಟಿನ್ ಕಡೆಯವಳಾದ ನಾನು ಆರು ವರ್ಷ ಈ ಜಗಳ ಕೇಳಿಸಿಕೊಳ್ಳುತ್ತಾ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಕಳೆದ ಫೆಬ್ರವರಿಯಲ್ಲಿ ಅವರು ಡಾಲಸ್ ಪಕ್ಕದ ಕ್ಯಾರಲ್ಟನ್ನಿನ ತಮ್ಮ ಮನೆಯಲ್ಲಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅವರ ಬಗ್ಗೆ ಬರೆಯೋಕೆ ಕೂತರೆ ನನಗೆ ಮಂಡಿಯಿಂದಲೇ ಶುರುಮಾಡಬೇಕು, ಬೇರೆ ದಾರಿಯಿಲ್ಲ.

ಊರು ಧಾರವಾಡ. ಕಲಿಸುತ್ತಿದ್ದದ್ದು ಗಣಿತ, ಭೂಗೋಳ. ಹರೆಯದಲ್ಲಿ ಟಾಂಜಾನಿಯಾದ ಮೋಶಿ ಅನ್ನೋ ಊರಿನ ಹೈಸ್ಕೂಲಿಗೆ ಕೆಲಸಕ್ಕೆ ಹೋಗಿ ಹನ್ನೊಂದು ವರ್ಷ ಇದ್ದರು. ಕಿಲಿಮಂಜಾರೋ ಬೆಟ್ಟದ ಬುಡದ ಊರು ಅದು. ಆಮೇಲೆ ಆಂಟಿಗೆ ಡಾಲಸ್ಸಿನಲ್ಲಿ ನರ್ಸ್ ಕೆಲಸ ಸಿಕ್ಕಿತು, ಅವರ ಹಿಂದೆ ಇವರೂ ಬಂದರು. "ನಾ ಈ ದೇಶಕ್ಕ ಬಂದದ್ದು ಹೆಂಡ್ತಿ ಸೆರಗು ಹಿಡಕೊಂಡು" ಅಂತ ಎದೆಯುಬ್ಬಿಸಿ ಹೇಳೋರು. ಇಲ್ಲೂ ಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದರು. ರಿಟೈರ್ ಆದಮೇಲೆ ಹಿಡಿದ ಹುಚ್ಚು ಅಂದರೆ, ನಮ್ಮಂಥ ಕುರ್ಚಿಗೆ ಅಂಟಿಕೊಂಡ ಸಾಫ್ಟ್‌ವೇರ್ ಮಂದಿಯನ್ನ ಹುಡುಕಿ ಹುಡುಕಿ ಟಾಂಜಾನಿಯಾಕ್ಕೆ ಕರೆದುಕೊಂಡು ಹೋಗೋದು. ಮೊದಲು ಕಾಡು, ಆಮೇಲೆ ಬೆಟ್ಟ. ನಮ್ಮದೇ ಮೊದಲ ತಂಡ.

ಅವರ ಮನೆ ಹಾಲ್‌ನ ಗೋಡೆ ಮೇಲೆ ಆ ಬೆಟ್ಟದ ಒಂದು ಫೋಟೋ ಇತ್ತು. ಮುಂದೆ ಸ್ಕೂಲ್ ಹುಡುಗರು ಸಾಲಾಗಿ ನಿಂತಿದ್ದಾರೆ, ಹಿಂದೆ ಹಿಮದ ಟೋಪಿ ಹಾಕಿಕೊಂಡ ಕಿಲಿಮಂಜಾರೋ. ಯಾರೇ ಮನೆಗೆ ಬಂದರೂ ಅಂಕಲ್ ಗಾಜಿನ ಮೇಲೆ ಬೆರಳಿಟ್ಟು ತೋರಿಸೋರು. "ಇಲ್ಲೀತನ ಹೋಗೇನಿ. ಇಲ್ಲಿ ಮಾತ್ರ ಹೋಗಿಲ್ಲ." ಎರಡು ಸಲ ಹೊರಟಿದ್ದರಂತೆ. ಒಂದು ಸಲ ಜೊತೆಗಿದ್ದ ಹುಡುಗನಿಗೆ ತಲೆನೋವು ಬಂತು, ಕೆಳಗಿಳಿಸಿಕೊಂಡು ಬಂದರು. ಇನ್ನೊಂದು ಸಲ ಹಿಮ ಬಿತ್ತು. "ಮನಿ ಹಿತ್ತಲ ಅಲ್ಲೇನು, ಎಲ್ಲಿ ಓಡಿ ಹೋಗ್ತದ, ನಾಳಿ ಹೋದ್ರಾತು ಅಂತ ಕುಂತೆ. ನಾಳಿ ಅನ್ನೂದ್ರಾಗ ಡಾಲಸ್ ಬಂತು." ಶಿಖರದ ಜಾಗದಲ್ಲಿ ಗಾಜಿನ ಮೇಲೆ ಯಾವಾಗಲೂ ಒಂದು ಬೆರಳಿನ ಗುರುತು. ಆಂಟಿ ಒರೆಸಿ ಒರೆಸಿ ಸುಸ್ತಾಗಿದ್ದರು.

ನಾನು ಅವರನ್ನ ಕಂಡಾಗ ಅವರಿಗೆ ಅರವತ್ತೆರಡೋ ಅರವತ್ಮೂರೋ. ಕಡ್ಡಿಯಂಥ ಮೈ, ಅರ್ಧತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎಲ್ಲದರಲ್ಲೂ ನಿಧಾನ. ಹೈವೇಯಲ್ಲಿ ಅವರ ಕಾರು ಕಂಡರೆ ಹಿಂದಿನವರು ಹಾರ್ನ್ ಹೊಡೆದೂ ಹೊಡೆದೂ ಪಕ್ಕಕ್ಕೆ ಹೋಗೋರು. "ಅವಗ ಅವಸರ ಅದ, ಹೋಗಲಿ ಪಾಪ" ಅಂದುಬಿಡೋರು. ಬೆಟ್ಟ ಹತ್ತೋಕೆ ನಮಗೆ ಟ್ರೇನಿಂಗ್ ಕೊಟ್ಟದ್ದೂ ಹೀಗೆಯೇ. ಟೆಕ್ಸಸ್ಸಿನಲ್ಲಿ ಬೆಟ್ಟ ಎಲ್ಲಿಂದ ತರೋಣ? ಹ್ಯೂಸ್ಟನ್ನಿನವರು ಪಾರ್ಕಿಂಗ್ ಕಟ್ಟಡದ ಮೆಟ್ಟಿಲು ಹತ್ತಿ ಇಳಿದರು. ನಾವು ಆಸ್ಟಿನ್ನಿನವರು ಎನ್‌ಚಾಂಟೆಡ್ ರಾಕ್ ಅನ್ನೋ ಬೋಳು ಬಂಡೆ ಹತ್ತಿದೆವು. ತಿಂಗಳಿಗೊಮ್ಮೆ ಎಲ್ಲರೂ ಅಲ್ಲಿ ಸೇರುತ್ತಿದ್ದೆವು, ಅಂಕಲ್ ಐದು ಗಂಟೆ ಡ್ರೈವ್ ಮಾಡಿಕೊಂಡು ಬರೋರು. ಬೇರೆಯವರಾದರೆ ನಾಲ್ಕೂವರೆಯಲ್ಲಿ ಬರ್ತಿದ್ದರು, ಅದು ಬೇರೆ ಮಾತು.

ಅವರ ಪರೀಕ್ಷೆ ಒಂದೇ. ಹತ್ತುತ್ತಾ ಹತ್ತುತ್ತಾ ಮಗ್ಗಿ ಹೇಳಬೇಕು, ಕನ್ನಡದಲ್ಲಿ. ಏದುಸಿರು ಬಂದು ಮಗ್ಗಿ ನಿಂತರೆ ಜೋರಾಗಿ ನಡೀತಿದ್ದೀರಿ ಅಂತ ಅರ್ಥ. "ಮ್ಯಾಲೆ ಹೋದಂಗ ಗಾಳಿ ಕಡಿಮಿ ಆಗ್ತದ. ಕಾಲು ಕೆಡೂಕಿಂತ ಮೊದಲ ತಲಿ ಕೆಡ್ತದ. ಮಗ್ಗಿ ತಪ್ಪಿದವ ಮರುಮಾತಿಲ್ಲದ ಕೆಳಗ ಇಳೀಬೇಕು." ಬೋಳು ಬಂಡೆ ಮೇಲೆ ಏಳು ಜನ ಇಂಜಿನಿಯರುಗಳು ಹದಿಮೂರೊಂದ್ಲ ಹದಿಮೂರು ಅಂತ ರಾಗ ಎಳೆಯುತ್ತಾ ಹೋಗ್ತಿದ್ದರೆ ಅಮೆರಿಕದ ಮಂದಿ ಇದ್ಯಾವುದೋ ಮಂತ್ರ ಅಂದುಕೊಂಡು ಕೈಮುಗಿದು ದಾರಿ ಬಿಡೋರು.

ಏಳು ಜನರಲ್ಲಿ ಹೆಂಗಸು ನಾನೊಬ್ಬಳೇ. ನಾನು ಬರ್ತೀನಿ ಅಂದ ದಿನವೇ ಗುಸುಗುಸು ಎದ್ದಿತ್ತು. ಹ್ಯೂಸ್ಟನ್ನಿನ ಪ್ರಸನ್ನ, ಫುಲ್‌ಶೀರ್ ಕಡೆ ಹೊಸ ಮನೆ ಕಟ್ಟಿಸಿದವನು, ಬಾಯಿ ಬಿಟ್ಟರೆ ಮುಚ್ಚದ ಆಸಾಮಿ, ಎಲ್ಲರೆದುರೇ ಅಂದ, "ಹೆಂಗಸರು ಬಂದ್ರೆ ಎಲ್ಲ ನಿಧಾನ ಆಗುತ್ತೆ ಅಂಕಲ್."

"ನಿಧಾನ ಆಗಲಿ ಅಂತನ ಕರಕೊಂಡು ಹೊಂಟೇನಿ" ಅಂದರು ಅಂಕಲ್. "ನೀ ಓಡಾಕ ಹೋಗಿ ಬೀಳ್ತಿ ನೋಡು."

ನನಗೆ ಮೈಯೆಲ್ಲ ಉರಿದಿತ್ತು. ಹತ್ತಿ ತೋರಿಸ್ತೀನಿ ಕಣೋ ಅಂತ ಹಲ್ಲು ಕಚ್ಚಿಕೊಂಡೆ. ಸೀಡರ್ ಪಾರ್ಕಿನ ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗಳನ್ನ ನೋಡಿಕೊಳ್ಳೋಕೆ ನನ್ನ ಗಂಡ ಒಪ್ಪಿದರು. ಮಗಳು ಅಪ್ಪನ ಕಡೆಗೊಂದು, ನನ್ನ ಕಡೆಗೊಂದು ಸಲ ನೋಡಿ ಇಂಗ್ಲಿಷಿನಲ್ಲೇ "ಓಕೆ" ಅಂದಳು.

ಹೊರಡುವ ತಾರೀಖು ಗೊತ್ತುಮಾಡಿದ್ದು ಅಂಕಲ್ ಮನೆಯ ಫ್ರಿಜ್ಜಿನ ಬಾಗಿಲ ಮುಂದೆ ನಿಂತು. ಅಲ್ಲಿ ದೇವಸ್ಥಾನದ ಕ್ಯಾಲೆಂಡರ್ ಅಂಟಿಸಿತ್ತು. ಅಂಕಲ್ ಒಂದು ಚೌಕಕ್ಕೆ ಪೆನ್ನಿನಿಂದ ಸುತ್ತು ಹಾಕಿದರು. "ಹುಣ್ಣಿವಿ ಆಗಿ ನಾಕನೇ ದಿನ ಕಡೀ ಹಟ್, ಅಂದ್ರ ಶಿಖರದ ಬುಡದಾಗಿನ ತಂಗುಮನಿ, ಮುಟ್ಟೂದು. ಅಲ್ಲಿಂದ ನಡುರಾತ್ರಿ ಶಿಖರಕ್ಕ ಹೊರಡಬೇಕು, ಅಷ್ಟೊತ್ತಿಗೆ ಚಂದ್ರ ಮ್ಯಾಲ ಬಂದಿರ್ತಾನ. ಬ್ಯಾಟರಿ ಬ್ಯಾಡ, ಏನೂ ಬ್ಯಾಡ." ಅದೇ ಚೌಕದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಂಕಷ್ಟಿ ಅಂತ ಇತ್ತು. ಅವರು ನೋಡಿದ್ದು ಬೆಳಕು. ನಾನು ನೋಡಿದ್ದು ಉಪವಾಸ.

ನನ್ನ ಸಂಕಷ್ಟಿಯ ಕಥೆ ಇಷ್ಟು. ಇಂಜಿನಿಯರಿಂಗ್ ಕೊನೆ ಪರೀಕ್ಷೆ ಹೊತ್ತಿಗೆ ಹಿಡಿದದ್ದು, ಒಂಬತ್ತು ವರ್ಷದಿಂದ ಒಂದೂ ತಪ್ಪಿರಲಿಲ್ಲ. ಹಣ್ಣು, ಹಾಲು, ಸಬ್ಬಕ್ಕಿ ಉಪ್ಪಿಟ್ಟು ತಿಂದು ಉಪವಾಸ ಅನ್ನೋ ಪೈಕಿಯಲ್ಲ ನಾನು. ಮೈಸೂರಿನ ನಮ್ಮಜ್ಜಿಯ ಪದ್ಧತಿ, ಚಂದ್ರನ ಮುಖ ನೋಡೋವರೆಗೂ ಬರೀ ನೀರು. ಬಸುರಿಯಾಗಿದ್ದಾಗಲೂ ಬಿಡಲಿಲ್ಲ ಅಂತ ಅತ್ತೆ ಹತ್ತಿರ ಬೈಸಿಕೊಂಡವಳು. ಭಕ್ತಿ ಎಷ್ಟಿತ್ತೋ ಗಣಪನಿಗೇ ಗೊತ್ತು, ಹಟ ಮಾತ್ರ ಬೆಟ್ಟದಷ್ಟಿತ್ತು. ಅಂಕಲ್‌ಗೆ ಹೇಳಿದರೆ ಬೇಡ ಅಂತಾರೆ, ಪ್ರಸನ್ನನ ಕಿವಿಗೆ ಬಿದ್ದರೆ ಊರೆಲ್ಲ ಡಂಗುರ. ಸುಮ್ಮನಿದ್ದುಬಿಟ್ಟೆ.

ಮೊದಲು ಕಾಡು ನೋಡಿದೆವು. ಗೋರೊಂಗೋರೋ ಅಂತ ಒಂದು ಜಾಗ, ದೊಡ್ಡ ಬಾಣಲೆಯೊಳಗೆ ಯಾರೋ ಹುಲ್ಲುಗಾವಲು, ಕೆರೆ, ಪ್ರಾಣಿಗಳನ್ನೆಲ್ಲ ಸುರಿದಿಟ್ಟ ಹಾಗಿದೆ. ಎಲ್ಲರ ಜೀಪುಗಳು ಸಿಂಹದ ಹಿಂದೆ ಓಡಿದರೆ ಅಂಕಲ್ ನಮ್ಮ ಜೀಪು ನಿಲ್ಲಿಸಿ, ಇಂಜಿನ್ ಆಫ್ ಮಾಡಿಸಿ, ಒಂದು ಸಗಣಿ ಹುಳ ತನಗಿಂತ ದೊಡ್ಡ ಉಂಡೆ ಉರುಳಿಸಿಕೊಂಡು ಹೋಗೋದನ್ನ ಮುಕ್ಕಾಲು ಗಂಟೆ ತೋರಿಸಿದರು. ಪ್ರಸನ್ನ ಒಳಗೊಳಗೇ ಕುದಿಯುತ್ತಿದ್ದ. "ಅಂಕಲ್, ಸಿಂಹ!" ಅಂದ. "ಇರಲಿ, ಅದು ಮಲಗೇದ. ಇದು ನೋಡು, ದುಡೀಲಿಕ್ಕೆ ಹತ್ತೇದ" ಅಂದರು. ನಾವು ಹಾಗೆ ಸುಮ್ಮನೆ ಕೂತದ್ದಕ್ಕೋ ಏನೋ, ಒಂದು ಆನೆ ಮರಿಯ ಜೊತೆ ನಮ್ಮ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹಾದುಹೋಯಿತು. ಅದರ ಹೊಟ್ಟೆಯೊಳಗಿನ ಗುಡುಗುಡು ಸದ್ದು ಕೂಡ ಕೇಳಿಸಿತು. ಪ್ರಸನ್ನನೂ ಉಸಿರು ಬಿಗಿಹಿಡಿದು ಕೂತಿದ್ದ.

ಬೆಟ್ಟದ ಮೊದಲ ಎರಡು ದಿನ ಹಬ್ಬ. ಕೆಳಗೆ ಬಾಳೆ, ಕಾಫಿ ತೋಟಗಳು, ಅದರ ಮೇಲೆ ಪಾಚಿ ಜೋತುಬಿದ್ದ ಕಾಡು, ಅದೂ ಮುಗಿದರೆ ಮೊಣಕಾಲೆತ್ತರದ ಪೊದೆ, ನಡುವೆ ಎಲೆಕೋಸನ್ನ ಕಂಬಕ್ಕೆ ಸಿಕ್ಕಿಸಿಟ್ಟಂಥ ವಿಚಿತ್ರ ಮರಗಳು. ಅಂಕಲ್ ಎಲ್ಲರಿಗಿಂತ ಹಿಂದೆ ನಡೆಯೋರು. ಪೋರ್ಟರುಗಳು ಎದುರಾದರೆ ನಿಂತು ಸ್ವಾಹಿಲಿಯಲ್ಲಿ ಮನೆಮಠ ವಿಚಾರಿಸೋರು. ಒಬ್ಬ ಬಿಳಿಗೂದಲಿನ ಪೋರ್ಟರ್ ಇವರ ಮುಖ ದಿಟ್ಟಿಸಿ, ಹೊರೆ ಕೆಳಗಿಟ್ಟು, ಕಾಲಿಗೆ ಬೀಳೋದೊಂದು ಬಾಕಿ. ಇವರ ಹತ್ತಿರ ಲೆಕ್ಕ ಕಲಿತವನಂತೆ. ಅಂಕಲ್ ಕಣ್ಣು ಒರೆಸಿಕೊಂಡು ನಮ್ಮ ಕಡೆ ತಿರುಗಿ, "ಭಾಳ ದಡ್ಡ ಇದ್ದ ಇವ" ಅಂದರು. ಅವನು ಅವತ್ತಿನಿಂದ ಇವರ ಪಕ್ಕ ಬಿಡಲಿಲ್ಲ.

ನಾಲ್ಕನೇ ದಿನ ಸಂಕಷ್ಟಿ. ಕಡೆಯ ಹಟ್‌ಗೆ ಹೋಗೋ ದಾರಿ ಒಂದು ದೊಡ್ಡ ಬಯಲು, ಹುಲ್ಲುಕಡ್ಡಿಯಿಲ್ಲ, ಬರೀ ಕಲ್ಲು, ಗಾಳಿ. ಬೆಳಗಿನ ಗಂಜಿಯನ್ನ ಯಾರೂ ನೋಡದಾಗ ಚೆಲ್ಲಿದೆ. ಮಧ್ಯಾಹ್ನದ ಊಟದ ಪೊಟ್ಟಣ ಬ್ಯಾಗಿನಲ್ಲೇ ಇತ್ತು. ಉಳಿದವರು ಅರ್ಧ ಮೈಲಿ ಮುಂದಿದ್ದರು. ಹಿಂದಿನಿಂದ ಅಂಕಲ್ ದನಿ ಬಂತು. "ತಂಗಿ, ಹದಿಮೂರರದು ಹೇಳು."

ಹೇಳಿದೆ. "ಹದಿಮೂರಾರ್ಲ ಎಪ್ಪತ್ತೆಂಟು. ಹದಿಮೂರೇಳ್ಲ ಎಂಬತ್ತೊಂದು."

"ಮತ್ತೊಮ್ಮೆ ಹೇಳು."

ಎಂಬತ್ತೊಂದೇ ಬಂತು. ಮೂರನೇ ಸಲ ಏನೂ ಬರಲಿಲ್ಲ. ಕಲ್ಲುಗಳೆಲ್ಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿದವು. ಕುಸಿದು ಕೂತೆ, ವಾಂತಿ ಮಾಡಿದೆ. ಹೊಟ್ಟೆಯಲ್ಲಿ ಏನಿದ್ದರೆ ಬರಬೇಕು? ಬರೀ ನೀರು ಬಂತು. ಅಂಕಲ್ ಅದನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ನನ್ನ ಬ್ಯಾಗಿನ ಜಿಪ್ ತೆಗೆದು ಊಟದ ಪೊಟ್ಟಣ ಹೊರಗೆ ತೆಗೆದರು.

"ಇವತ್ತ ಏನದ?"

"ಸಂಕಷ್ಟಿ ಅಂಕಲ್" ಅಂತ ಅಳೋಕೆ ಶುರುಮಾಡಿದೆ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನನ್ನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಫ್ಲಾಸ್ಕಿನ ಚಹಾಕ್ಕೆ ಸಕ್ಕರೆ ಸುರಿದು ಕಲಸಿದರು. ನಾನು ಬೇಡ, ಚಂದ್ರ ಹುಟ್ಟಬೇಕು ಅಂದೆ. ಆ ಸ್ಥಿತಿಯಲ್ಲೂ ಅಂದೆ ನೋಡಿ! ಅವರು ವಾಚು ನೋಡಿಕೊಂಡರು. ಕ್ಲಾಸಿನಲ್ಲಿ ಪಾಠ ಮಾಡೋ ಹಾಗೆ ಬೆರಳೆತ್ತಿದರು.

"ಈಗಿಲ್ಲಿ ಮಧ್ಯಾಹ್ನ ಒಂದೂವರಿ. ಫಿಜಿ ದೇಶ ನಮಗಿಂತ ಒಂಬತ್ತು ತಾಸು ಮುಂದ. ಅಲ್ಲಿ ರಾತ್ರಿ ಹತ್ತೂವರಿ. ಚಂದ್ರ ಮೂಡಿ ಭಾಳ ಹೊತ್ತಾತು. ಅಲ್ಲೂ ನಮ್ಮ ಮಂದಿ ಇದ್ದಾರ, ಗಣಪತಿ ಗುಡೀನೂ ಇರ್ತದ, ಮಂಗಳಾರತಿ ಮುಗಿಸಿ ಎಲ್ಲಾರೂ ಉಣ್ಣಾಕ ಕುಂತಾರ. ಚಂದ್ರ ಒಬ್ಬನ ಇರೂದು ತಂಗಿ. ಕುಡಿ."

ಕುಡಿದೆ. ಒಂಬತ್ತು ವರ್ಷದ ವ್ರತ ಆ ಕಲ್ಲುಬಯಲಿನಲ್ಲಿ ಫಿಜಿ ಲೆಕ್ಕದಲ್ಲಿ ಮುರೀತು.

ಅಷ್ಟರಲ್ಲಿ ಗೈಡುಗಳಲ್ಲಿ ಒಬ್ಬ ಹಿಂದಿರುಗಿ ಬಂದ. ನನ್ನನ್ನ ನೋಡಿದವನೇ ಕೆಳಗಿಳೀಬೇಕು ಅಂದ, ತಾನೇ ಕರೆದುಕೊಂಡು ಹೋಗ್ತೀನಿ ಅಂದ. ಇದ್ದದ್ದು ಮೂರೇ ಜನ ಗೈಡುಗಳು. ರಾತ್ರಿ ಹತ್ತೋವಾಗ ಯಾರಿಗಾದರೂ ಕೆಟ್ಟರೆ ಕೆಳಗಿಳಿಸೋಕೆ ಅಂತ ಇಬ್ಬರಿಗೊಬ್ಬ ಗೈಡ್ ಇರಲೇಬೇಕು. ಅಂಕಲ್ ತಲೆಯಾಡಿಸಿದರು. "ಇವ ಇಳಿದರ ಆ ಹುಡುಗರಾಗ ಯಾರರೆ ಇಬ್ರಿಗೆ ಮ್ಯಾಲ ಹೋಗೂದು ತಪ್ತದ. ನಾ ಇಳಿದರ ನಂಗೊಬ್ಬಗ."

"ನೀವು ಹೋಗಿ ಅಂಕಲ್, ನಾನು ಪೋರ್ಟರ್ ಜೊತೆ ಇಳೀತೀನಿ" ಅಂತ ಕೈಮುಗಿದೆ.

"ನಾ ಕರಕೊಂಡು ಬಂದೇನಿ, ನಾನ ಕರಕೊಂಡು ಹೋಗ್ತೇನಿ."

ಶಿಖರ ಆ ಬಯಲಿನಿಂದ ಎದುರಿಗೇ ಕಾಣುತ್ತಿತ್ತು, ಮೋಡವಿಲ್ಲದ ಆಕಾಶ. ಅವರು ಅದನ್ನ ಎಷ್ಟು ಹೊತ್ತು ನೋಡಿದರು ಅಂತ ನನಗೆ ನೆನಪಿದೆ. ಬಹಳ ಹೊತ್ತಲ್ಲ. ಆಮೇಲೆ ಗೈಡಿಗೆ ಸ್ವಾಹಿಲಿಯಲ್ಲಿ ಏನೋ ಹೇಳಿ ಕಳಿಸಿ ನನ್ನ ಬ್ಯಾಗ್ ಹೆಗಲಿಗೇರಿಸಿಕೊಂಡರು. ಬಿಳಿಗೂದಲಿನ ಶಿಷ್ಯ ನನ್ನ ರಟ್ಟೆ ಹಿಡಿದ. ಏನು ಹೇಳಿ ಕಳಿಸಿದಿರಿ ಅಂತ ದಾರಿಯಲ್ಲಿ ಕೇಳಿದೆ.

"ನನ್ನ ಮಂಡಿ ಕೈಕೊಟ್ಟದ, ಆ ತಂಗಿ ಪಾಪ ನನ್ನ ಕೂಡ ಇಳದಾಳ ಅಂತ ಆ ಹುಡುಗರಿಗೆ ಹೇಳಂದೆ."

ಗಾಬರಿಯಾಗಿ ನಿಂತೆ. ಅವರು ನಿಲ್ಲಲಿಲ್ಲ. "ಉಪಾಸ ಮಾಡಿ ಬಿದ್ಲು ಅಂತ ಗೊತ್ತಾದ್ರ ಪ್ರಸನ್ನ ಏನಂತಾನ? ಹೆಂಗಸರನ್ನ ಕರಕೊಂಡು ಹೋಗೂದ ಬ್ಯಾಡ ಅಂತಾನ. ಮುಂದಿನ ಸಲ ಯಾವ ಮನ್ಯಾಗೂ ಹೆಣ್ಣುಮಕ್ಕಳನ್ನ ಕಳಸೂದಿಲ್ಲ. ನಾ ಇರೂತನ ಬಾಯಿ ಬಿಡಬ್ಯಾಡ."

ಉಳಿದ ಆರೂ ಜನ ಶಿಖರ ಮುಟ್ಟಿ ಬಂದರು. ಪ್ರಸನ್ನ ನನ್ನ ಕೈ ಹಿಡಿದುಕೊಂಡು, "ನಾನು ಅವತ್ತು ಹಾಗಂದಿದ್ದು ತಪ್ಪಾಯ್ತು ಕಣಮ್ಮ" ಅಂದ. ಇದನ್ನೂ ಸಹಿಸಬಹುದಿತ್ತು. ಆದರೆ ಆ ನವೆಂಬರಿನಲ್ಲಿ ಡಾಲಸ್ಸಿನ ರಾಜ್ಯೋತ್ಸವಕ್ಕೆ ಹೋದರೆ ನನ್ನನ್ನ ಸ್ಟೇಜಿಗೆ ಕರೆದು, ಹಿರಿಯರಿಗಾಗಿ ಶಿಖರ ತ್ಯಾಗ ಮಾಡಿದ ಮಹಿಳೆ ಅಂತ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟುಬಿಟ್ಟರು. ಮುಂದಿನ ಸಾಲಿನಲ್ಲಿ ಅಂಕಲ್ ಎಡಗಾಲು ನೀಡಿ ಕೂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಮೇಲೆ ಅವರು ಇನ್ನೂ ಎರಡು ತಂಡ ಕರೆದುಕೊಂಡು ಹೋದರು. ಒಂದರಲ್ಲಿ ಮೂವರು ಹೆಂಗಸರು, ಇನ್ನೊಂದರಲ್ಲಿ ನಾಲ್ವರು. ಆದರೆ ಮಂಡಿ ಕೆಟ್ಟ ಮುದುಕನನ್ನ ಮೇಲಕ್ಕೆ ಯಾರು ಬಿಡ್ತಾರೆ? ಎಲ್ಲರೂ ಸೇರಿ, ಅಂಕಲ್ ಎರಡನೇ ಹಟ್ ದಾಟಬಾರದು ಅಂತ ಕಟ್ಟುಮಾಡಿದರು. ಪ್ರತಿ ಸಲವೂ ಅಲ್ಲೇ ಕೂತು, ಹತ್ತಿ ಬಂದವರಿಗೆ ಚಹಾ ಬಿಸಿ ಮಾಡಿಟ್ಟುಕೊಂಡು ಕಾಯೋರು. ಒಂದು ಸುಳ್ಳಿಗೆ ಒಂದು ಸಲ ಅಲ್ಲ, ಮೂರು ಸಲ ದಂಡ ತೆತ್ತರು ನಮ್ಮ ಮಾಸ್ತರ್. ಅದೂ ಸರಿಯಾಗಿ ಕುಂಟೋಕೂ ಬರ್ತಿರಲಿಲ್ಲ. ಡಾಲಸ್ಸಿನಲ್ಲಿ ಎಡಗಾಲು ಎಳೆದರೆ ಹ್ಯೂಸ್ಟನ್ನಿಗೆ ಬರೋಷ್ಟರಲ್ಲಿ ಮರೆತು ಬಲಗಾಲು ಎಳೆಯೋರು. "ಅಂಕಲ್, ಅದು ಆ ಕಾಲು" ಅಂತ ನಾನು ಕಿವಿಯಲ್ಲಿ ಹೇಳಿದರೆ, "ಹೌದಲ್ಲ!" ಅಂತ ಬದಲಾಯಿಸೋರು.

ಪ್ರತಿ ಸಂಕಷ್ಟಿ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕ್ಯಾರಲ್ಟನ್ನಿನಿಂದ ಫೋನ್. "ಫಿಜಿಯಾಗ ಮೂಡ್ಯಾನ. ನಾಷ್ಟಾ ಆತೇನು?"

"ಇಲ್ಲ ಅಂಕಲ್. ನಾನು ಟೆಕ್ಸಸ್ ಚಂದ್ರನಿಗೇ ಕಾಯ್ತೀನಿ."

"ನಿನ್ನ ಹಟಾ ನಿನಗ, ತಂಗಿ" ಅಂತ ನಗೋರು. ನಾನು ವ್ರತ ಮತ್ತೆ ಹಿಡಿದಿದ್ದೆ, ಮೊದಲಿಗಿಂತ ಬಿಗಿಯಾಗಿ. ಈಗ ಯೋಚಿಸಿದರೆ, ಅದು ದೇವರಿಗೆ ಅಲ್ಲ, ಆ ಶಾಲಿಗೆ ಮಾಡಿಕೊಂಡ ಪ್ರಾಯಶ್ಚಿತ್ತ. ಎಲ್ಲರಿಗೂ ಹೇಳಿಬಿಡ್ತೀನಿ ಅಂಕಲ್, ಎದೆ ಮೇಲೆ ಕಲ್ಲಿಟ್ಟ ಹಾಗಿದೆ ಅಂತ ಎಷ್ಟು ಸಲ ಗೋಗರೆದೆನೋ. "ಈ ವರ್ಷ ನಾಕು ಮಂದಿ ಹೆಸರು ಕೊಟ್ಟಾರ, ಹೆಣ್ಣುಮಕ್ಕಳು. ಅವರು ಹೋಗಿ ಬರ್ಲಿ ತಡಿ" ಅನ್ನೋರು.

ಕಡೆಗೆ ತಾವೇ ಹೋದರು. ದೇವಸ್ಥಾನದ ಹಾಲ್‌ನಲ್ಲಿ ಅವರ ನೆನಪಿಗೆ ಸೇರಿದಾಗ ನಾನು ಆ ಶಾಲನ್ನ ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಪ್ರಸನ್ನ ಎದ್ದು ಸಗಣಿ ಹುಳದ ಕಥೆ ಹೇಳಿ ನಗಿಸಿದ, ಆಮೇಲೆ, "ಒಂದು ಮಂಡಿ ಸರಿಯಿದ್ದಿದ್ರೆ ನಮ್ಮ ಮಾಸ್ತರ್ ಶಿಖರದ ಮೇಲೆ ನಿಂತಿರ್ತಿದ್ರು" ಅಂತ ಕೂತ. ಯಾರೋ ಎಡಗಾಲು ಅಂದರು, ಯಾರೋ ಬಲಗಾಲು ಅಂದರು. ನಾನು ಎದ್ದು ನಿಂತೆ. ಗಂಜಿ ಚೆಲ್ಲಿದ್ದರಿಂದ ಹಿಡಿದು ಫಿಜಿಯವರೆಗೆ ಒಂದೂ ಬಿಡದೆ ಹೇಳಿದೆ. ಶಾಲನ್ನ ಅವರ ಫೋಟೋ ಮುಂದಿಟ್ಟೆ.

ಪ್ರಸನ್ನ ತಲೆ ತಗ್ಗಿಸಿಕೊಂಡು ಕೂತಿದ್ದ. ಉತ್ತರ ಕೊಟ್ಟದ್ದು ಆಂಟಿ, ಕೂತಲ್ಲಿಂದಲೇ.

"ನನಗ ಗೊತ್ತಿತ್ತವಾ. ನಾ ನರ್ಸ್ ಅಲ್ಲೇನು? ಮನಿಯಾಗ ದಿನಕ್ಕ ಹತ್ತು ಸಲ ಮೆಟ್ಟಲಾ ಹತ್ತಿ ಇಳೀತಿದ್ರು. ಗ್ಯಾರೇಜ್ ಬಾಗಲಾ ತೆರೀತೆಂದ್ರ ಕುಂಟಾಕ ಸುರು. ಯಾಕಂತ ಮಾತ್ರ ಗೊತ್ತಿರಲಿಲ್ಲ. ಇವತ್ತ ಗೊತ್ತಾತು." ಶಾಲು ಎತ್ತಿ ನನ್ನ ಕೈಗೇ ಕೊಟ್ಟರು. "ಇಟ್ಕೊ. ಥಂಡಿಗೆ ಬೇಕಾಗ್ತದ."

ಹತ್ತು ದಿನ ಕಳೆದು ಸಂಕಷ್ಟಿ ಬಂತು. ಬೆಳಿಗ್ಗೆ ಎಂಟಾಯಿತು. ಅಡುಗೆಮನೆಯಲ್ಲಿ ನಿಂತು ಫೋನ್ ನೋಡುತ್ತಲೇ ಇದ್ದೆ, ಬರೋದಿಲ್ಲ ಅಂತ ಗೊತ್ತಿದ್ದೂ. ಎಂಟೂ ಐದಾಯಿತು. ತಡೆಯೋಕಾಗದೆ ನಾನೇ ಡಯಲ್ ಮಾಡಿದೆ. ಆಂಟಿ ದನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು. ನಾಷ್ಟಾ ಆಯ್ತಾ ಅಂತ ಕೇಳಿದೆ. ಮನಸ್ಸಾಗವಲ್ದು ಅಂದರು. ನಿನ್ನೆ ರಾತ್ರಿಯೂ ಏನೂ ತಿಂದಿರಲಿಲ್ಲವಂತೆ.

"ಆಂಟಿ, ಫಿಜಿಯಲ್ಲಿ ಚಂದ್ರ ಮೂಡಿದಾನೆ. ತಿಂಡಿ ತಿನ್ನಿ."

ಆ ಕಡೆ ಮೂಗು ಒರೆಸಿಕೊಂಡ ಸದ್ದು. "ನೀ ತಿಂದ್ಯೇನು?"

ಒಲೆ ಮೇಲೆ ಮಗಳಿಗೆ ಮಾಡಿದ ಉಪ್ಪಿಟ್ಟು ಇತ್ತು. ತಟ್ಟೆಗೆ ಬಡಿಸಿಕೊಂಡೆ. "ಇಗೋ ಆಂಟಿ, ಕೂತೆ. ನೀವೂ ಬಡಿಸಿಕೊಳ್ಳಿ" ಅಂದೆ. ಅತ್ತ ಕಡೆ ಡಬ್ಬಿ ಮುಚ್ಚಳ ತೆಗೆದದ್ದು, ಕುರ್ಚಿ ಎಳೆದದ್ದು ಕೇಳಿಸಿತು. ಫೋನು ಕಿವಿಗೆ ಹಿಡಿದುಕೊಂಡೇ ಇಬ್ಬರೂ ತಿಂದೆವು, ಸಾವಕಾಶವಾಗಿ.